ಡ್ಯಾಂ ಮಟ್ಟ ನೋಡೋರಿಗೆ ಒಂದು ಹಕ್ಕಿ ಲೆಕ್ಕ

ಶಿವಮೊಗ್ಗ-ಭದ್ರಾವತಿ ಬಸ್ಸಿನಲ್ಲಿ ಪೇಪರು ಬಿಡಿಸಿದವರು ಮೊದಲು ಹುಡುಕುವುದು ಡ್ಯಾಂ ಮಟ್ಟ. ಭದ್ರಾ ತುಂಬಿದರೆ 186 ಅಡಿ. ಅಷ್ಟಾದರೆ ಅಡಿಕೆಯವರಿಗೂ ನಿರಾಳ, ಭತ್ತದವರಿಗೂ ನಿರಾಳ, ಗಾಂಧಿ ಬಜಾರಿನ ಅಂಗಡಿಗೂ ವ್ಯಾಪಾರದ ಧೈರ್ಯ. ಇದೇ ಅಡಿ ಲೆಕ್ಕದ ಮೇಲೆ ಸಂಸಾರ ಹೂಡುವ ಇನ್ನೊಂದು ಜಾತಿ ಲಕ್ಕವಳ್ಳಿ ಹಿನ್ನೀರಿನಲ್ಲಿದೆ. ಅದಕ್ಕೆ ಪೇಪರು ಬರೋದಿಲ್ಲ, ಅಷ್ಟೆ.

ಅದು ರಿವರ್ ಟರ್ನ್. ಬೂದು ಮೈ, ಕರಿ ಟೋಪಿ, ಹಳದಿ ಕೊಕ್ಕು, ಕವಲು ಬಾಲ. 1960ರ ದಶಕದಲ್ಲಿ ಅಣೆಕಟ್ಟು ಎದ್ದಾಗ ಮುಳುಗಿದ ಗುಡ್ಡಗಳ ನೆತ್ತಿಗಳೇ ಇವಕ್ಕೆ ನಡುಗಡ್ಡೆ. ನಾಲೆಗೆ ನೀರು ಬಿಟ್ಟು ಕಟ್ಟೆ ಇಳಿದಂತೆ ಬೋಳು ದಿಬ್ಬಗಳು ಮೇಲೇಳುತ್ತವೆ; ಜನವರಿಯಿಂದ ಹಕ್ಕಿಗಳು ದಂಡು ದಂಡಾಗಿ ಇಳಿಯುತ್ತವೆ. ಗೂಡಿಗೆ ಒಂದು ಕಡ್ಡಿಯೂ ಇಲ್ಲ, ಜಲ್ಲಿಯಲ್ಲಿ ಕೆರೆದ ಕುಳಿ. ಎರಡೋ ಮೂರೋ ಮೊಟ್ಟೆ, ಕಲ್ಲಿನದೇ ಬಣ್ಣ. ಕಾಲಿಟ್ಟವನಿಗೆ ತುಳಿದದ್ದೂ ಗೊತ್ತಾಗದು.

ನೀರು ಅತಿಯಾಗಿ ಇಳಿದರೆ ದಿಬ್ಬ ದಡಕ್ಕೆ ಕೂಡಿಕೊಂಡು ನರಿ, ನಾಯಿ ನಡೆದೇ ಬರುತ್ತವೆ. ಕಳಸ, ಬಾಳೆಹೊನ್ನೂರು ಕಡೆ ಮಳೆ ಬೇಗ ಹಿಡಿದರೆ ನೀರು ಏರಿ ಬರುತ್ತೆ. ನಾವು ಸಂತೋಷಪಡುವ ದಿನ ಅದು. ರೆಕ್ಕೆ ಬಲಿಯದ ಮರಿ ಎಲ್ಲಿಗೆ ಹೋಗಬೇಕು?

ಮಳೆಯನ್ನು ಯಾರೂ ತಡೆಯಲಾರರು, ರೈತನ ನೀರು ನಿಲ್ಲಿಸಿ ಅಂತಲೂ ಹೇಳಲಾಗದು. ದೋಣಿಯ ಮಾತು ಬೇರೆ. ಮೋಟಾರು ದೋಣಿಯ ಜೊತೆಗೆ ಈಗ ಕಯಾಕ್ ಶೋಕಿ. ಒಬ್ಬಿಬ್ಬರು ಕೂತು, ಎರಡೂ ತುದಿಗೆ ಅಗಲವಾದ ಹುಟ್ಟು ಹಾಕುವ ಸಪೂರ ದೋಣಿ. ನಮ್ಮ ಹರಿಗೋಲಿನ ಹಾಗೆ ಗಿರಗಿರ ತಿರುಗೋದಿಲ್ಲ. ಸದ್ದೂ ಇಲ್ಲ. ಅದೃಷ್ಟವಿದ್ದರೆ ನೀರುನಾಯಿ ತಲೆ ಎತ್ತುತ್ತೆ, ದಡದಲ್ಲಿ ಆನೆ ಸಿಗುತ್ತೆ. ಒಳ್ಳೆಯ ಮೋಜೇ, ಇಲ್ಲವೆನ್ನುವವರಾರು.

ಸದ್ದಿಲ್ಲ ಅಂತ ದಿಬ್ಬದ ಪಕ್ಕಕ್ಕೇ ಹೋದರೆ ಮಾತ್ರ ಕೆಟ್ಟಿತು. ಹಕ್ಕಿಗಳೆಲ್ಲ ಎದ್ದು ಕಿರುಚುತ್ತವೆ. ಫೋಟೋ ಚೆನ್ನಾಗಿ ಬರುತ್ತೆ! ಆದರೆ ಏಪ್ರಿಲ್ ಬಿಸಿಲಿನಲ್ಲಿ ತಾಯಿ ಕೂರುವುದು ಕಾವಿಗಷ್ಟೇ ಅಲ್ಲ, ನೆರಳಿಗೂ. ಅದು ಎದ್ದಷ್ಟು ಹೊತ್ತೂ ಮೊಟ್ಟೆ ಕಾದ ಕಲ್ಲಿನ ಮೇಲೆ ಬೇಯುತ್ತೆ. ಕಾಗೆ, ಹದ್ದು ಕಾಯ್ತಾನೇ ಇರುತ್ತವೆ. ಈ ಹಕ್ಕಿ ಜಗತ್ತಿನ ಅಪಾಯದ ಪಟ್ಟಿಗೆ ಸೇರಿಯಾಗಿದೆ.

ಪಕ್ಕದಲ್ಲಿರೋದು 1998ರಿಂದ ಹುಲಿ ಮೀಸಲು ಕಾಡು, ಕಾಯುವ ಇಲಾಖೆಗೆ ಕೊರತೆಯಿಲ್ಲ. ಜನವರಿಯಿಂದ ಜೂನ್‌ವರೆಗೆ ದಿಬ್ಬಗಳ ಸುತ್ತ ತೇಲುಬುರುಡೆ ಕಟ್ಟಿ ಗಡಿ ಹಾಕಲು ಎಷ್ಟು ದುಡ್ಡು ಬೇಕು? ಒಂದು ಹಗ್ಗ, ನಾಲ್ಕು ಡಬ್ಬ.