ಒಂದು ಕಾಳಿನ ಹಿಂದೆ

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ ತಾಲ್ಲೂಕುಗಳ ಎರೆಭೂಮಿ ಹಿಂಗಾರಿ ಬೆಳೆಗಳಿಗೆ ಹೆಸರಾದುದು. ಎಳ್ಳಮಾವಾಸ್ಯೆಯಂದು ರೈತರು ಚರಗ ಚೆಲ್ಲಲು ಹೋಗುವ ಕಾಲಕ್ಕೆ ಹೊಲದಲ್ಲಿ ಕಡಲೆ ಕಾಯಿಕಟ್ಟುತ್ತಿರುತ್ತದೆ. ಮಕ್ಕಳು ಸುಲಗಾಯಿ ಸುಲಿದು ತಿನ್ನುತ್ತಾರೆ. ಆದರೆ ಹಸಿರಿನ ನಡುವೆ ಅಲ್ಲಲ್ಲಿ ಗಿಡಗಳು ಬಾಡಿ ನಿಂತಿದ್ದರೆ ರೈತನ ಮುಖವೂ ಬಾಡುತ್ತದೆ. ಅದು ಸೊರಗು ರೋಗದ ಗುರುತು. ಈ ರೋಗವನ್ನು ತರುವ ಶಿಲೀಂಧ್ರವು ಬೇರಿನ ಮೂಲಕ ಒಳಹೊಕ್ಕು, ನೀರು ಸಾಗುವ ನಾಳಗಳನ್ನು ಮುಚ್ಚಿಬಿಡುತ್ತದೆ. ಕಡಲೆಯನ್ನು ಬಿತ್ತದೆ ಬಿಟ್ಟರೂ ಅದು ಸುಮಾರು ಆರು ವರ್ಷಗಳವರೆಗೆ ಮಣ್ಣಿನಲ್ಲಿ ಬದುಕಿರಬಲ್ಲದು. ಇದಕ್ಕೆ ತಕ್ಕ ಮದ್ದೆಂದರೆ ರೋಗವನ್ನು ತಾಳಿಕೊಳ್ಳುವ ಬೀಜವೇ. ಅಂತಹ ಬೀಜವನ್ನು ಸಿದ್ಧಪಡಿಸುವವರು ಯಾರು?

ಅದೇ ಎರೆಭೂಮಿಯ ಇನ್ನೊಂದು ಬೆಳೆಯಾದ ಹತ್ತಿಯನ್ನು ನೋಡಿದರೆ ಈ ಪ್ರಶ್ನೆಯ ಮಹತ್ವ ತಿಳಿಯುತ್ತದೆ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿಯವರು ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ‘ವರಲಕ್ಷ್ಮಿ’ ಎಂಬ ಸಂಕರ ತಳಿಯನ್ನು ರೂಪಿಸಿದರು. ಸಂಕರ ಬೆಳೆಯಿಂದ ತೆಗೆದ ಬೀಜವನ್ನು ಮತ್ತೆ ಬಿತ್ತಿದರೆ ಮೊದಲಿನ ಗುಣ ಉಳಿಯುವುದಿಲ್ಲ. ಆದುದರಿಂದ ರೈತನು ಪ್ರತಿವರ್ಷವೂ ಹೊಸ ಬೀಜವನ್ನು ಕೊಳ್ಳಬೇಕಾಗುತ್ತದೆ. ಸರಕಾರಿ ಕೇಂದ್ರದಲ್ಲಿ ಹುಟ್ಟಿದ ಈ ವಿದ್ಯೆಯಲ್ಲಿ ಖಾಸಗಿ ಕಂಪನಿಗಳು ವ್ಯಾಪಾರವನ್ನು ಕಂಡು ಬಂಡವಾಳ ಹೂಡಿದವು. 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆತ ಮೇಲಂತೂ ಹತ್ತಿಯ ಬೀಜವು ದೊಡ್ಡ ಉದ್ಯಮವಾಗಿ ಬೆಳೆಯಿತು.

ಕಡಲೆಯ ಸ್ವಭಾವವೇ ಬೇರೆ. ಅದರ ಹೂವು ಅರಳುವ ಮೊದಲೇ ತನ್ನೊಳಗೆ ಪರಾಗಸ್ಪರ್ಶವನ್ನು ಮುಗಿಸಿಕೊಳ್ಳುತ್ತದೆ. ಆದುದರಿಂದ ಮರಿ ತಾಯಿಯನ್ನೇ ಹೋಲುತ್ತದೆ. ರೈತನು ತನ್ನ ಬೆಳೆಯಲ್ಲಿಯೇ ಒಳ್ಳೆಯ ಕಾಳನ್ನು ಆರಿಸಿಟ್ಟು ಮರುವರ್ಷ ಬಿತ್ತಬಹುದು. ರೈತನಿಗೆ ಇದು ಲಾಭ. ಬೀಜ ಮಾರುವವನಿಗೆ ಮಾತ್ರ ಒಮ್ಮೆ ಮಾರಿದರೆ ಮುಗಿಯಿತು. ಹೀಗಾಗಿ ಕಡಲೆಯ ಸಂಶೋಧನೆಗೆ ಹಣ ಸುರಿಯಲು ಕಂಪನಿಗಳಿಗೆ ಅಷ್ಟು ಉತ್ಸಾಹವಿಲ್ಲ. ಲಾಭದ ದಾರಿ ನಿಂತಲ್ಲಿ ನಾಡಿನ ಸಂಸ್ಥೆಗಳು ಮುಂದುವರಿಯಬೇಕಾಗುತ್ತದೆ.

‘ಅಣ್ಣಿಗೇರಿ-1’ ಎಂಬ ಕಡಲೆಯ ತಳಿಯು ಆ ಊರಿನ ಹೆಸರನ್ನು ದೂರದೂರಕ್ಕೆ ಒಯ್ದಿದೆ. ನಾಲ್ಕು ದಶಕಗಳಿಗೂ ಮಿಕ್ಕಿ ಅದು ಕರ್ನಾಟಕದ ರೈತರ ಮೆಚ್ಚಿನ ತಳಿಯಾಗಿತ್ತು. ಆದರೆ ಸೊರಗು ರೋಗಕ್ಕೆ ಅದು ಬೇಗ ತುತ್ತಾಗುತ್ತಿತ್ತು. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ಹೈದರಾಬಾದಿನ ಸಮೀಪದ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಜೊತೆಗೂಡಿ ಈ ಕೊರತೆಯನ್ನು ನೀಗಲು ಹೊರಟವು. ರೋಗವನ್ನು ತಾಳುವ ಡಬ್ಲ್ಯೂ.ಆರ್.-315 ಎಂಬ ತಳಿಯೊಡನೆ ಅಣ್ಣಿಗೇರಿ ಕಡಲೆಯನ್ನು ಕೂಡಿಸಿ, ಹುಟ್ಟಿದ ಸಂತತಿಯನ್ನು ಮತ್ತೆ ಮತ್ತೆ ಅಣ್ಣಿಗೇರಿಯೊಡನೆಯೇ ಬೆರೆಸಲಾಯಿತು. ಹೀಗೆ ಮಾಡಿದಾಗ ಹಳೆಯ ತಳಿಯ ಒಳ್ಳೆಯ ಗುಣಗಳು ಉಳಿದು, ರೋಗ ತಾಳುವ ಗುಣವೊಂದು ಸೇರಿಕೊಳ್ಳುತ್ತದೆ. ಆ ಗುಣವು ಯಾವ ಸಸಿಗೆ ಬಂದಿದೆಯೆಂಬುದನ್ನು ಎಲೆಯ ಡಿ.ಎನ್.ಎ.ಯಲ್ಲಿರುವ ಗುರುತುಗಳಿಂದಲೇ ಕಂಡುಹಿಡಿಯಬಹುದು. ಪ್ರತಿಸಲವೂ ಗಿಡ ಬೆಳೆದು ರೋಗ ತಗಲುವವರೆಗೆ ಕಾಯಬೇಕಿಲ್ಲ. ಇಂತಹ ಜ್ಞಾನವೂ ಹಲವರ ದುಡಿಮೆಯ ಫಲ. 2013ರಲ್ಲಿ ಅನೇಕ ದೇಶಗಳ ವಿಜ್ಞಾನಿಗಳು ಒಟ್ಟುಗೂಡಿ ಕಡಲೆಯ ಸುಮಾರು 28 ಸಾವಿರ ವಂಶವಾಹಿಗಳ ವಿವರವನ್ನು ಪ್ರಕಟಿಸಿದ್ದರು.

ಪ್ರಯೋಗಾಲಯದಲ್ಲಿ ಗೆದ್ದ ಬೀಜವು ಹೊಲದಲ್ಲಿಯೂ ಗೆಲ್ಲಬೇಕು. ಅಖಿಲ ಭಾರತ ಸಮನ್ವಿತ ಕಡಲೆ ಸಂಶೋಧನಾ ಯೋಜನೆಯು ಹೊಸ ತಳಿಗಳನ್ನು ಹಲವು ರಾಜ್ಯಗಳ ಮಣ್ಣಿನಲ್ಲಿ ಒರೆಗೆ ಹಚ್ಚುತ್ತಿತ್ತು. ಆ ಪರೀಕ್ಷೆಯನ್ನು ದಾಟಿ 2019ರಲ್ಲಿ ಹೊರಬಂದ ಹೊಸ ತಳಿಯೇ ‘ಸೂಪರ್ ಅಣ್ಣಿಗೇರಿ-1’. ಅಲ್ಲಿಂದ ಮುಂದೆ ಬೀಜವನ್ನು ಹೆಚ್ಚಿಸುವುದು, ಅದರ ಶುದ್ಧತೆಯನ್ನು ಪ್ರಮಾಣೀಕರಿಸುವುದು, ರೈತ ಸಂಪರ್ಕ ಕೇಂದ್ರಗಳಿಗೆ ಮುಟ್ಟಿಸುವುದು ಬೇರೆ ಬೇರೆ ಸಂಸ್ಥೆಗಳ ಹೊಣೆ. ತಾನು ಬೆಳೆದ ಬೀಜವನ್ನು ಉಳಿಸಿಕೊಂಡು ಬಿತ್ತುವ ರೈತನ ಹಕ್ಕನ್ನು 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ರಕ್ಷಣಾ ಕಾಯ್ದೆಯು ಕಾಪಾಡುತ್ತದೆ.

ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದರೂ ಸಾಕು, ಎಷ್ಟೇ ಒಳ್ಳೆಯ ಬೀಜವಾದರೂ ಉಗ್ರಾಣದಲ್ಲಿಯೇ ಉಳಿಯುತ್ತದೆ; ರೈತನು ಹಳೆಯದನ್ನೇ ಬಿತ್ತಿ ನಷ್ಟವನ್ನು ಅನುಭವಿಸುತ್ತಾನೆ. ಹೊಸ ಶೋಧಕ್ಕೆ ವಿಜ್ಞಾನಿಯ ಬುದ್ಧಿ ಬೇಕು, ನಿಜ. ಆದರೆ ಯಾವ ಬೆಳೆಯ, ಯಾರ ಕಷ್ಟದ ಕಡೆಗೆ ಆ ಬುದ್ಧಿ ಹರಿಯಬೇಕೆಂಬುದನ್ನು ನಾಡು ಕಟ್ಟಿಕೊಂಡ ಸಂಸ್ಥೆಗಳು ನಿರ್ಧರಿಸುತ್ತವೆ. ಕೂರಿಗೆಯ ಬಟ್ಟಲಿಗೆ ರೈತನು ಹಾಕುವ ಒಂದು ಹಿಡಿ ಕಡಲೆಯಲ್ಲಿ ಅವನ ಬೆವರಿನ ಜೊತೆಗೆ ಇವರೆಲ್ಲರ ದುಡಿಮೆಯೂ ಸೇರಿದೆ.