ಕುಡಿ ಚಿವುಟಿದರೆ ಗಿಡ ಕವಲೊಡೆಯುವುದೇಕೆ?

ಆಗಸ್ಟ್ ಮುಗಿಯುವ ಹೊತ್ತಿಗೆ ಕಲಬುರಗಿ ಸೀಮೆಯ ಎರೆ ಹೊಲಗಳಲ್ಲಿ ತೊಗರಿ ಮೊಳಕಾಲು ದಾಟಿರುತ್ತದೆ. ಬಿತ್ತಿ ಸುಮಾರು 50 ದಿನವಾಗಿರುವ ಈ ಹಂತದಲ್ಲಿ ಹೆಣ್ಣಾಳುಗಳು ಸಾಲಿಗೊಬ್ಬರಂತೆ ನಿಂತು, ಪ್ರತಿ ಗಿಡದ ನೆತ್ತಿಯನ್ನು ಎರಡು ಬೆರಳಲ್ಲಿ ಹಿಡಿದು ಎರಡು ಅಂಗುಲದಷ್ಟು ಮುರಿದು ಹಾಕುತ್ತಾ ಹೋಗುತ್ತಾರೆ. ಹೊಸಬರು ನೋಡಿದರೆ ಬೆಳೆ ಹಾಳು ಮಾಡುತ್ತಿದ್ದಾರೆ ಅಂದುಕೊಳ್ಳಬೇಕು. ಎಂಟು ಹತ್ತು ದಿನ ಬಿಟ್ಟು ಅದೇ ಹೊಲಕ್ಕೆ ಹೋದರೆ ಎಲೆಯ ಕಂಕುಳಿಗೊಂದರಂತೆ ಚಿಗುರು ಎದ್ದಿರುತ್ತದೆ. ಕೊಂಬೆ ಹೆಚ್ಚಿದರೆ ಹೂ ಹೆಚ್ಚು, ಹೂ ನಿಂತರೆ ಕಾಯಿ ಹೆಚ್ಚು. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಗುಲ್ಬರ್ಗ ತೊಗರಿ ಬೇಳೆಯ ಹಿಂದೆ ಈ ಬೆರಳುಗಳ ಕೆಲಸವೂ ಇದೆ.

ಹಿಂಗಾರಿನ ಕಡಲೆಯಲ್ಲೂ ಇದೇ ಪದ್ಧತಿ. ಹೂ ಬಿಡುವುದಕ್ಕೆ ಮೊದಲು, 30–40 ದಿನದ ಗಿಡದ ಕುಡಿ ಚಿವುಟುತ್ತಾರೆ. ಆ ಕುಡಿ ವ್ಯರ್ಥವಾಗುವುದಿಲ್ಲ. ಎಲೆಯ ಮೇಲಿನ ಸಣ್ಣ ರೋಮಗಳು ಒಸರುವ ಹುಳಿ ಬೆರಳಿಗೆ ಅಂಟುತ್ತದೆ. ಅದೇ ಹುಳಿ ನಾಲಿಗೆಗೂ ಹಿತ. ಉತ್ತರ ಕರ್ನಾಟಕದ ಮನೆಗಳಲ್ಲಿ ಕಡ್ಲಿ ಪಲ್ಯೆ ಹಸಿಯಾಗಿಯೇ ರೊಟ್ಟಿಯ ಜೊತೆಗೆ ಬರುತ್ತದೆ. ಊಟಕ್ಕೆ ಸೊಪ್ಪಾಯಿತು, ಹೊಲಕ್ಕೆ ಕವಲಾಯಿತು.

ತುದಿ ಹೋದರೆ ಪಕ್ಕದ್ದು ಚಿಗುರುತ್ತದೆ ಎಂಬುದು ಒಕ್ಕಲುತನದಷ್ಟೇ ಹಳೆಯ ತಿಳಿವಳಿಕೆ. ಏಕೆ ಚಿಗುರುತ್ತದೆ ಎಂಬುದರ ಹುಡುಕಾಟಕ್ಕೆ ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ಕಥೆಯಿದೆ. ಅದು ಶುರುವಾದದ್ದು ಕವಲಿನ ಪ್ರಶ್ನೆಯಿಂದಲ್ಲ, ಬೆಳಕಿನ ಪ್ರಶ್ನೆಯಿಂದ. ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆಗಳ ತುದಿಗೆ ಬೆಳಕು ತಾಗದಂತೆ ಪುಟ್ಟ ಟೊಪ್ಪಿಗೆ ತೊಡಿಸಿ ನೋಡಿದರು. ಟೊಪ್ಪಿಗೆ ಹಾಕಿದ ಮೊಳಕೆ ಬೆಳಕಿನ ಕಡೆ ಬಾಗಲಿಲ್ಲ. ಬಾಗುವ ಜಾಗ ಕೆಳಗಿದ್ದರೂ ಅಪ್ಪಣೆ ಹೊರಡುವುದು ತುದಿಯಿಂದ ಎಂದು ಅಪ್ಪ ಮಗ 1880ರ ತಮ್ಮ ಪುಸ್ತಕದಲ್ಲಿ ಬರೆದರು.

ಆ ಅಪ್ಪಣೆ ಒಂದು ವಸ್ತುವೇ ಎಂದು ತೋರಿಸಿದವನು ನೆದರ್ಲೆಂಡ್ಸ್‌ನ ಯುಟ್ರೆಕ್ಟ್‌ನ ಯುವಕ ಫ್ರಿಟ್ಸ್ ವೆಂಟ್. 1926ರಲ್ಲಿ ಅವನು ಓಟ್ಸ್ ಮೊಳಕೆಗಳ ತುದಿ ಕತ್ತರಿಸಿ, ಅವನ್ನು ಅಗರ್ ಎಂಬ ಪಾಚಿಯ ಜೆಲ್ಲಿಯ ಮೇಲೆ ಕೆಲ ಹೊತ್ತು ಇಟ್ಟ. ಬಳಿಕ ತುದಿಗಳನ್ನು ಎಸೆದು, ಬರೀ ಜೆಲ್ಲಿಯ ತುಂಡನ್ನು ತುದಿ ಕಳೆದುಕೊಂಡ ಮೊಳಕೆಯ ಒಂದು ಅಂಚಿಗೆ ಕೂರಿಸಿದ. ಮೊಳಕೆ ಕತ್ತಲಲ್ಲೇ ಬೆಳೆದು ಇನ್ನೊಂದು ಬದಿಗೆ ಬಾಗಿತು. ತುದಿಯಿಂದ ಏನೋ ಜೆಲ್ಲಿಗೆ ಇಳಿದಿತ್ತು. ಅದಕ್ಕೆ ಆಕ್ಸಿನ್ ಎಂದು ಹೆಸರು ಬಂತು. ಗಿಡದಲ್ಲಿ ಅದರ ಪ್ರಮಾಣ ಎಷ್ಟು ಕಡಿಮೆಯೆಂದರೆ, 1934ರಲ್ಲಿ ಅದೇ ಊರಿನ ರಸಾಯನ ವಿಜ್ಞಾನಿ ಫ್ರಿಟ್ಸ್ ಕೋಗ್ಲ್‌ನ ತಂಡ ಇಂಡೋಲ್ ಅಸಿಟಿಕ್ ಆಮ್ಲವನ್ನು ಬೇರ್ಪಡಿಸಿದ್ದು ಮನುಷ್ಯರ ಮೂತ್ರದಿಂದ!

ಕವಲಿನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಕೆನೆತ್ ಥೀಮನ್ ಜೊತೆ ಕೆಲಸ ಮಾಡುತ್ತಿದ್ದ ಫೋಕ್ ಸ್ಕೂಗ್ 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ ಪರ 1500 ಮೀಟರ್ ಓಡಿದ್ದವನು. ಇಬ್ಬರೂ ಫಾಬಾ ಅವರೆಯ ಗಿಡದ ನೆತ್ತಿ ಕತ್ತರಿಸಿದರು. ನಿರೀಕ್ಷೆಯಂತೆ ಪಕ್ಕದ ಮೊಗ್ಗುಗಳು ಎದ್ದವು. ಇನ್ನೊಂದಿಷ್ಟು ಗಿಡಗಳ ಕತ್ತರಿಸಿದ ಬಾಯಿಗೆ ಆಕ್ಸಿನ್ ಬೆರೆತ ಅಗರ್ ಇಟ್ಟರು. ಅಲ್ಲಿ ಮೊಗ್ಗುಗಳು ಅಲುಗಲಿಲ್ಲ. ನೆತ್ತಿ ಇಲ್ಲದಿದ್ದರೂ ಗಿಡ ನೆತ್ತಿ ಇದೆ ಎಂದೇ ನಡೆದುಕೊಂಡಿತು. 1930ರ ದಶಕದ ಈ ಪ್ರಯೋಗವೇ ಇವತ್ತಿಗೂ ಪಿಯುಸಿ ಪುಸ್ತಕದ ಪಾಠ: ತುದಿಯ ಆಕ್ಸಿನ್ ಕೆಳಗಿನ ಮೊಗ್ಗುಗಳನ್ನು ತಡೆಯುತ್ತದೆ, ಚಿವುಟಿದರೆ ತಡೆ ತಪ್ಪುತ್ತದೆ.

ಪಾಠ ತಪ್ಪಲ್ಲ, ಅರ್ಧ ಮಾತ್ರ. ನೆತ್ತಿಯಿಂದ ಇಳಿಯುವ ಆಕ್ಸಿನ್ ಪಕ್ಕದ ಮೊಗ್ಗಿನ ಒಳಗೆ ಹೋಗುವುದೇ ಇಲ್ಲ ಎಂಬುದು ಮುಂದೆ ಗೊತ್ತಾಯಿತು. ಒಳಗೆ ಹೋಗದ ವಸ್ತು ತಡೆಯುವುದು ಹೇಗೆ? ಹಾಗಾದರೆ ನಡುವೆ ಬೇರೆ ಮಧ್ಯವರ್ತಿಗಳಿರಬೇಕು. ಒಬ್ಬ ಮಧ್ಯವರ್ತಿಯ ಸುಳಿವು ಕೊಟ್ಟವನೂ ಸ್ಕೂಗ್‌ನೇ. 1955ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಅವನ ತಂಡ ಹೆರಿಂಗ್ ಮೀನಿನ ವೀರ್ಯದ ಡಿಎನ್ಎಯಿಂದ ಕೈನೆಟಿನ್ ಕಂಡುಹಿಡಿಯಿತು. ಇದೇ ಗುಂಪಿನ ಸೈಟೋಕೈನಿನ್‌ಗಳು ಮಲಗಿದ ಮೊಗ್ಗನ್ನು ಎಬ್ಬಿಸುತ್ತವೆ.

ಇನ್ನೊಂದು ಮಧ್ಯವರ್ತಿ ಸಿಕ್ಕಿದ್ದು ಯಾರೂ ನಿರೀಕ್ಷಿಸದ ಜಾಗದಲ್ಲಿ. ಜೋಳದ ಬೇರಿಗೆ ಅಂಟಿ ರಸ ಹೀರುವ ಸ್ಟ್ರೈಗಾ ಎಂಬ ಕಳೆ ನಮ್ಮ ಬಯಲುಸೀಮೆಗೂ ಪರಿಚಿತ. ಧೂಳಿನಂಥ ಅದರ ಬೀಜ ವರ್ಷಗಟ್ಟಲೆ ಮಣ್ಣಲ್ಲಿ ಬಿದ್ದಿದ್ದು, ಹತ್ತಿರ ಬೇರು ಬಂದಾಗಲೇ ಮೊಳೆಯುತ್ತದೆ. ಅದನ್ನು ಎಬ್ಬಿಸುವ ವಸ್ತುವನ್ನು 1966ರಲ್ಲಿ ಹತ್ತಿಯ ಬೇರಿನ ಸ್ರಾವದಿಂದ ಪ್ರತ್ಯೇಕಿಸಿದ್ದರು. ತನ್ನ ಶತ್ರುವನ್ನು ಕರೆಯುವ ವಸ್ತುವನ್ನು ಗಿಡ ಯಾಕಾದರೂ ತಯಾರಿಸುತ್ತದೆ ಎಂಬುದು ಒಗಟಾಗಿ ಉಳಿದಿತ್ತು. 2008ರಲ್ಲಿ ಬಟಾಣಿ, ಭತ್ತದಂಥ ಗಿಡಗಳ ಮೇಲೆ ದುಡಿದ ಎರಡು ತಂಡಗಳು ಅದಕ್ಕೂ ಕವಲಿಗೂ ನಂಟು ಕಟ್ಟಿದವು. ಸ್ಟ್ರೈಗೋಲ್ಯಾಕ್ಟೋನ್ ಎಂಬ ಈ ಗುಂಪಿನ ವಸ್ತುಗಳು ಗಿಡದೊಳಗೆ ಕವಲು ತಡೆಯುವ ಹಾರ್ಮೋನುಗಳು. ಮಣ್ಣಲ್ಲಿ ರಂಜಕ ಕಡಿಮೆಯಾದಾಗ ಬೇರು ಇವನ್ನು ಹೆಚ್ಚಾಗಿ ತಯಾರಿಸುತ್ತದೆ. ಗೊಬ್ಬರ ಕಾಣದ ಬಡ ಹೊಲದ ಗಿಡ ಕಡ್ಡಿಯಂತೆ ಒಂಟಿಯಾಗಿ ನಿಲ್ಲುವುದಕ್ಕೆ ಇದೂ ಒಂದು ಕಾರಣ.

2014ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ತಂಡ ಕಥೆಗೆ ಮತ್ತೊಂದು ತಿರುವು ಕೊಟ್ಟಿತು. ಆಕ್ಸಿನ್ ಕಾಂಡದಲ್ಲಿ ಇಳಿಯುವುದು ಗಂಟೆಗೆ ಸುಮಾರು 1 ಸೆಂಟಿಮೀಟರ್. ಆದರೆ ಬಟಾಣಿ ಬಳ್ಳಿಯ ನೆತ್ತಿ ಕತ್ತರಿಸಿದ ಕೆಲವೇ ಗಂಟೆಗಳಲ್ಲಿ, ಆಕ್ಸಿನ್ ಇನ್ನೂ ಕಡಿಮೆಯಾಗದ ದೂರದ ಮೊಗ್ಗುಗಳೂ ಬೆಳೆಯತೊಡಗಿದ್ದವು. ಮೊದಲು ತಲುಪಿದ್ದು ಸಕ್ಕರೆ. ಬೆಳೆಯುವ ನೆತ್ತಿ ಎಲೆಗಳು ಮಾಡಿದ ಸಕ್ಕರೆಯನ್ನು ಬಾಚಿಕೊಳ್ಳುತ್ತಿರುತ್ತದೆ. ಅದು ಹೋದೊಡನೆ ಪಾಲು ಕೆಳಗಿನವರಿಗೂ ಸಿಗುತ್ತದೆ. ಕತ್ತರಿಸದ ಗಿಡಕ್ಕೆ ಹೊರಗಿನಿಂದ ಸಕ್ಕರೆ ಉಣಿಸಿದಾಗಲೂ ಮೊಗ್ಗುಗಳು ಎದ್ದವು. ರೈತನಿಗೆ ಇದರಲ್ಲಿ ನೇರ ಪಾಠವಿದೆ. ಹೊಲದಲ್ಲಿ ತೇವವಿಲ್ಲದೆ ಎಲೆ ಬಾಡಿರುವಾಗ ಚಿವುಟಿದರೆ ಹಂಚಲು ಸಕ್ಕರೆಯೇ ಇರುವುದಿಲ್ಲ. ಕಾಲೇಜಿನ ಪುಸ್ತಕಗಳು ಆಕ್ಸಿನ್‌ಗೇ ನಿಲ್ಲದೆ ಇಷ್ಟನ್ನಾದರೂ ಹೇಳಬೇಕು.

ಕುಡಿ ಚಿವುಟುವ ಇದೇ ವಿದ್ಯೆಯನ್ನು ಬಹಳ ಕಿರಿದಾದ ಜಾಗದಲ್ಲಿ ಪಳಗಿಸಿಕೊಂಡವರು ಗಾಂಜಾ ಬೆಳೆಗಾರರು. 1893–94ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ್ದ ಸೆಣಬು ಮಾದಕಗಳ ಆಯೋಗದ ಕಾಲಕ್ಕೆ ಬಂಗಾಳದ ನೌಗಾಂವ್‌ನಲ್ಲಿ ಪರವಾನಗಿಯಡಿ ಗಾಂಜಾ ಬೆಳೆಯುತ್ತಿದ್ದರು. ಬಯಲ ಬಿಸಿಲಲ್ಲಿ ಅವರು ಮಾಡುತ್ತಿದ್ದುದು ಇದರ ತಲೆಕೆಳಗು: ನೆತ್ತಿ ಬಿಟ್ಟು ಕೆಳಗಿನ ಕೊಂಬೆ ಸವರುತ್ತಿದ್ದರು. ಅಮೆರಿಕದಲ್ಲಿ 1980ರ ದಶಕದ ಹೆಲಿಕಾಪ್ಟರ್ ದಾಳಿಗಳು ಬೆಳೆಗಾರರನ್ನು ಮನೆಯೊಳಗೆ, ದೀಪದ ಕೆಳಗೆ ಅಟ್ಟಿದವು. ದೀಪದ ಬೆಳಕು ದೂರ ಹೋದಷ್ಟೂ ಸೊರಗುತ್ತದೆ. ಒಂದೇ ನೆತ್ತಿ ಎತ್ತರಕ್ಕೆ ಹೋದರೆ ಕೆಳಗಿನ ಹೂಗಳು ಬಡವಾಗುತ್ತವೆ. ಹೀಗಾಗಿ ನೆತ್ತಿ ಚಿವುಟುವುದು, ಕಾಂಡವನ್ನು ದಾರದಿಂದ ಅಡ್ಡ ಬಗ್ಗಿಸಿ ಕಟ್ಟುವುದು, ಚಿಗುರುಗಳನ್ನು ಬಲೆಯ ಕೆಳಗೆ ಸಮನಾಗಿ ಹರಡುವುದು ರೂಢಿಗೆ ಬಂತು. 2018ರಲ್ಲಿ ಗಾಂಜಾವನ್ನು ಕಾನೂನುಬದ್ಧಗೊಳಿಸಿದ ಕೆನಡಾದ ಬಹುತೇಕ ಪ್ರಾಂತ್ಯಗಳಲ್ಲಿ ಮನೆಗೆ ನಾಲ್ಕು ಗಿಡದ ಮಿತಿ ಇರುವುದರಿಂದ, ಒಂದೊಂದು ಗಿಡವನ್ನೂ ಹರಡಿಸುವ ಆಸೆ ಅಲ್ಲಿ ಸಹಜ. ಭಾರತದಲ್ಲಿ 1985ರ ಮಾದಕ ವಸ್ತುಗಳ ಕಾಯ್ದೆಯಡಿ ಪರವಾನಗಿ ಇಲ್ಲದೆ ಒಂದು ಗಿಡ ಬೆಳೆಸುವುದೂ ಅಪರಾಧ.

ಮಲೆನಾಡಿನ ಕಾಫಿ ತೋಟದಲ್ಲಿ ಚಿವುಟುವಿಕೆಯ ಲೆಕ್ಕ ಬೇರೆ. ಅರೇಬಿಕಾ ಗಿಡದ ನೆತ್ತಿಯನ್ನು ಎರಡೂವರೆ ಮೂರು ಅಡಿಗೆ ಮುರಿಯುತ್ತಾರೆ; ಕೊಯ್ಯುವವರ ಕೈಗೆ ಹಣ್ಣು ಎಟುಕಬೇಕು, ಅಡ್ಡ ಹೋಗುವ ರೆಕ್ಕೆಗಳು ಬಲಿಯಬೇಕು. ಆದರೆ ನೆತ್ತಿ ಮುರಿದದ್ದೇ ತಡ, ಕಾಂಡದಿಂದ ನೆಟ್ಟಗೆ ಏಳುವ ಕಂಬ ಚಿಗುರುಗಳು ಮುತ್ತುತ್ತವೆ. ಅವನ್ನು ವರ್ಷವರ್ಷವೂ ತೆಗೆಸದಿದ್ದರೆ ಗಿಡದ ಒಡಲು ಕತ್ತಲಾಗಿ ಫಸಲು ಸೊರಗುತ್ತದೆ.

ಹುಣಸೂರು, ಪಿರಿಯಾಪಟ್ಟಣದ ತಂಬಾಕಿನಲ್ಲಂತೂ ಕವಲೇ ಶತ್ರು. ಅಲ್ಲಿ ಬೇಕಿರುವುದು ಎಲೆ, ಹೂವಲ್ಲ. ಹೂಗೊಂಚಲು ಮುರಿದರೆ ಆಹಾರವೆಲ್ಲ ಎಲೆಗೆ ಇಳಿದು ಅದು ದಪ್ಪವಾಗಿ ಹರಡುತ್ತದೆ ಎಂಬುದು ಲೆಕ್ಕ. ಗಿಡ ಮಾತ್ರ ತನ್ನ ಹಳೆಯ ನಿಯಮ ಬಿಡುವುದಿಲ್ಲ. ಹೂ ಮುರಿದ ಬೆನ್ನಿಗೇ ಎಲೆಯ ಸಂದುಸಂದಿನಲ್ಲೂ ಕಂಕುಳ ಕುಡಿ ಮೇಲೇಳುತ್ತದೆ. ಅದನ್ನು ಕೈಯಲ್ಲಿ ಮುರಿಯಬೇಕು, ಇಲ್ಲವೇ ಕುಡಿ ಸುಡುವ ದ್ರಾವಣವನ್ನು ಕಾಂಡದ ಗುಂಟ ಪ್ರತಿ ಸಂದಿಗೂ ಇಳಿಯುವಂತೆ ಸುರಿಯಬೇಕು. ಮುರಿದ ಜಾಗದಲ್ಲೇ ಮತ್ತೆ ಕುಡಿ ಬರುವುದರಿಂದ ಕಟಾವು ಮುಗಿಯುವವರೆಗೂ ಆಳುಗಳು ಅದೇ ಸಾಲುಗಳಿಗೆ ಮರಳಿ ಹೋಗುತ್ತಲೇ ಇರುತ್ತಾರೆ.