ನೋವು ಬರುವ ಮುನ್ನ

“ಇನ್ನು ನಮ್ಮಿಂದ ಏನೂ ಆಗದು, ಮನೆಗೆ ಕರೆದುಕೊಂಡು ಹೋಗಿ” ಎಂಬ ಮಾತನ್ನು ವೈದ್ಯರ ಬಾಯಿಂದ ಕೇಳದ ಸಂಸಾರ ನಮ್ಮಲ್ಲಿ ವಿರಳ. ರೋಗ ವಾಸಿಯಾಗದೆಂಬುದು ನಿಜವಿರಬಹುದು. ಏನೂ ಆಗದೆಂಬುದು ನಿಜವಲ್ಲ. ಇದನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಅಗ್ರಗಣ್ಯರು ಇಂಗ್ಲೆಂಡಿನ ವೈದ್ಯೆ ಸಿಸಿಲಿ ಸಾಂಡರ್ಸ್.

1918ರಲ್ಲಿ ಜನಿಸಿದ ಆಕೆ ಯುದ್ಧಕಾಲದಲ್ಲಿ ಆಕ್ಸ್‌ಫರ್ಡಿನ ವ್ಯಾಸಂಗ ಬಿಟ್ಟು ದಾದಿಯಾದರು. ಬೆನ್ನುನೋವು ಆ ಕೆಲಸವನ್ನು ಬಿಡಿಸಿತು. ಬಳಿಕ ರೋಗಿಗಳ ಕಷ್ಟಸುಖ ವಿಚಾರಿಸುವ ಆಸ್ಪತ್ರೆಯ ಸಮಾಜಸೇವಕಿಯಾದರು. ಆಗ ಪರಿಚಯವಾದವನು ಡೇವಿಡ್ ಟಾಸ್ಮಾ. ಪೋಲೆಂಡಿನಿಂದ ಬಂದ ಯೆಹೂದಿ, ಕ್ಯಾನ್ಸರ್ ಪೀಡಿತ. ಮರಣಾಸನ್ನರಿಗೆ ನೆಮ್ಮದಿಯ ಮನೆಯೊಂದು ಬೇಕೆಂಬ ವಿಚಾರ ಅವರಿಬ್ಬರ ಮಾತುಕತೆಯಲ್ಲಿ ಬೆಳೆಯಿತು. 1948ರಲ್ಲಿ ತೀರಿಕೊಂಡಾಗ, ಆ ಮನೆಯಲ್ಲಿ ತಾನೊಂದು ಕಿಟಕಿಯಾಗುವೆನೆಂದು ಆತ 500 ಪೌಂಡು ಬಿಟ್ಟುಹೋದ. ಕಿಟಕಿಯ ಸುತ್ತ ಮನೆ ಏಳಲು ಹತ್ತೊಂಬತ್ತು ವರ್ಷ ಹಿಡಿಯಿತು.

ವೈದ್ಯಳಾಗದಿದ್ದರೆ ತನ್ನ ಮಾತಿಗೆ ಬೆಲೆಯಿಲ್ಲವೆಂದು ತಿಳಿದು, ಮೂವತ್ತು ಮೀರಿದ ಮೇಲೆ ಆಕೆ ವೈದ್ಯಶಾಸ್ತ್ರ ಓದಿದರು, 1957ರಲ್ಲಿ ವೈದ್ಯೆಯಾದರು. ಮರುವರ್ಷ ಲಂಡನ್ನಿನ ಸೇಂಟ್ ಜೋಸೆಫ್ಸ್‌ನಲ್ಲಿ ಸಾಯುವವರ ನೋವನ್ನೇ ಅಭ್ಯಾಸಕ್ಕೆತ್ತಿಕೊಂಡರು. ಅಂದಿನ ವಾಡಿಕೆಯೆಂದರೆ, ರೋಗಿ ನೋವಿನಿಂದ ಒದ್ದಾಡಿ ಬೇಡಿದ ಮೇಲೆಯೇ ಮಾರ್ಫಿನ್ ಕೊಡುವುದು. ಚಟ ಹತ್ತೀತೆಂಬ ಭಯ. ಸಾಂಡರ್ಸ್ ಕ್ರಮವನ್ನು ತಿರುಗಿಸಿದರು: ನೋವು ಬರುವ ಮುನ್ನವೇ, ಗಡಿಯಾರ ನೋಡಿ, ತಕ್ಕ ಪ್ರಮಾಣದಲ್ಲಿ ಮದ್ದು. ರೋಗಿಗಳು ಮಂಪರಿಗೆ ಬೀಳಲಿಲ್ಲ. ಎಚ್ಚರವಾಗಿದ್ದು ಮನೆಯವರೊಡನೆ ಮಾತನಾಡಿದರು. ಆದರೆ ನೋವೆಲ್ಲ ದೇಹದ್ದಲ್ಲ. ಸಾಲದ ಚಿಂತೆ, ಮಕ್ಕಳ ಚಿಂತೆ, ಬಾಳು ವ್ಯರ್ಥವಾಯಿತೆಂಬ ಕೊರಗು ಇವೆಲ್ಲ ಸೇರಿದ್ದನ್ನು ಆಕೆ ‘ಸಮಗ್ರ ನೋವು’ ಎಂದರು. ಅದಕ್ಕೆ ಮದ್ದಿನ ಜೊತೆಗೆ ಕೇಳುವ ಕಿವಿಯೂ ಬೇಕು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಬಾಗಿಲು ತೆರೆಯಿತು. 2005ರಲ್ಲಿ ಆಕೆ ಕೊನೆಯುಸಿರೆಳೆದುದೂ ಅಲ್ಲಿಯೇ.

ನಮ್ಮಲ್ಲಿ ನೋವಿಗೆ ಇನ್ನೊಂದು ಹೆಸರುಂಟು: ಪ್ರಾರಬ್ಧ. ಅನುಭವಿಸಿಯೇ ತೀರಬೇಕೆನ್ನುತ್ತೇವೆ. ನನ್ನ ಸೋದರಮಾವ ಹಾಗೆಂದುಕೊಂಡೇ ಹಲ್ಲು ಕಚ್ಚಿ ಕೊನೆಯ ತಿಂಗಳುಗಳನ್ನು ಕಳೆದರು. ಅವರ ಸಹನೆಗೆ ನಾನು ತಲೆಬಾಗುತ್ತೇನೆ. ಆ ಸಹನೆ ಅನಿವಾರ್ಯವಾಗಿತ್ತೆಂದು ಮಾತ್ರ ಒಪ್ಪಲಾರೆ. ಮಾರ್ಫಿನ್ ಹುಟ್ಟುವುದು ಅಫೀಮಿನಿಂದ. ಅಫೀಮನ್ನು ಸರ್ಕಾರದ ಪರವಾನಗಿಯಿಂದ ಬೆಳೆಯುವ ದೇಶ ನಮ್ಮದು. ಆದರೆ 1985ರ ಮಾದಕವಸ್ತು ಕಾನೂನಿನ ಬಿಗಿಯಲ್ಲಿ ಆಸ್ಪತ್ರೆಗಳಿಗೇ ಮಾರ್ಫಿನ್ ದುರ್ಲಭವಾಯಿತು. 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿತು. ಅಷ್ಟರಲ್ಲಿ 1986ರಲ್ಲಿ ಮುಂಬಯಿಯ ಶಾಂತಿ ಆವೇದನಾ ಸದನ ಆರಂಭವಾಗಿತ್ತು. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಉಪಶಮನ ಸೇವೆಯ ಸಂಘ ಕಟ್ಟಿದರು. ಊರಿನ ಸ್ವಯಂಸೇವಕರು ಅದನ್ನು ಮನೆಮನೆಗೆ ಒಯ್ದರು. ಬೆಂಗಳೂರಿನಲ್ಲಿ ಕರುಣಾಶ್ರಯವಿದೆ.

ಈ ಸೇವೆ ಮರಣವನ್ನು ಹತ್ತಿರ ತರುವುದಿಲ್ಲ, ದೂರವೂ ತಳ್ಳುವುದಿಲ್ಲ. ಉಳಿದ ದಿನಗಳನ್ನು ರೋಗಿಗೆ ಹಿಂದಿರುಗಿಸುತ್ತದೆ. ಮದ್ದಿದೆ, ಅರಿವಿದೆ, ಕಾನೂನಿನ ಅಡ್ಡಿಯೂ ಕಡಿಮೆಯಾಗಿದೆ. ಇನ್ನು ಬದಲಾಗಬೇಕಾದುದು ನಮ್ಮ ರೂಢಿ. “ಏನೂ ಆಗದು” ಎಂದವರನ್ನು ನಾವು ವಿನಯದಿಂದಲೇ ಕೇಳಬೇಕು: “ರೋಗದ ಮಾತಿರಲಿ, ನೋವಿಗೇನು ಮಾಡುತ್ತೀರಿ?”